ಮೈಕ್ ಬೇಡ, ಕಿವಿ ತಗೊಂಡು ಬಾ

"ಮೈಕ್ ಬೇಡ ಕಣಪ್ಪ. ನೀನು ಬಾ. ಕಿವಿ ತಗೊಂಡು ಬಾ, ಸಾಕು."

ಮೇಲುಕೋಟೆಯ ಮೇಷ್ಟ್ರು ಫೋನಿನಲ್ಲಿ ಹೀಗೆ ಹೇಳಿದಾಗ ನಾನು ಮಂಡ್ಯದ ಗುತ್ತಲು ರಸ್ತೆಯಲ್ಲಿ ಒಂದು ಗೃಹಪ್ರವೇಶದ ಮನೆ ಮುಂದೆ ಸ್ಪೀಕರ್ ಬಾಕ್ಸ್ ಇಳಿಸುತ್ತಿದ್ದೆ. ನನ್ನದು ಮೈಕ್ ಸೆಟ್ ಅಂಗಡಿ. ಅಪ್ಪ ಶುರು ಮಾಡಿದ್ದು. ಒಂದು ಅಹೂಜ ಆಂಪ್ಲಿಫೈಯರ್, ಎರಡು ಹಾರನ್, ಒಂದು ರೆಕಾರ್ಡ್ ಪ್ಲೇಯರ್, ಎಲ್ಲ ಹೇರಿಕೊಂಡು ಹೋಗೋಕೆ ಒಂದು ಸೈಕಲ್. ಅಷ್ಟರಲ್ಲೇ ಅವರು ಸುತ್ತಲಿನ ಹಳ್ಳಿಗಳ ಹಬ್ಬ, ನಾಟಕ, ಮದುವೆ ಎಲ್ಲ ನಡೆಸಿಕೊಟ್ಟರು. ನಾನು ಅಂಗಡಿ ನೋಡಿಕೊಳ್ಳೋಕೆ ಶುರು ಮಾಡಿ 24 ವರ್ಷ ಆಯಿತು. ಇಷ್ಟು ವರ್ಷದಲ್ಲಿ ಮೈಕ್ ಬೇಡ ಅಂತ ಹೇಳಿ ನನ್ನನ್ನು ಕರೆದವರು ಇವರೊಬ್ಬರೇ.

ವಿಷಯ ಇಷ್ಟು. ಮೇಷ್ಟ್ರ ಹಳೇ ತೊಟ್ಟಿ ಮನೆಯಲ್ಲಿ ವರ್ಷಕ್ಕೆ ಮೂರೋ ನಾಲ್ಕೋ ಸಲ ಸಂಗೀತ ಕಚೇರಿ ನಡೆಯುತ್ತದೆ. ವೀಣೆ, ಕೊಳಲು, ಒಮ್ಮೊಮ್ಮೆ ಬರೀ ಹಾಡುಗಾರಿಕೆ. ಮೂವತ್ತು ನಲವತ್ತು ಜನ. ಮೈಕ್ ಇರುವುದಿಲ್ಲ, ಟಿಕೆಟ್ ಇರುವುದಿಲ್ಲ. ಹೋದ ಸಲ ವೀಣೆ ನುಡಿಸುವಾಗ ಮನೆಯಲ್ಲಿ ಎಲ್ಲೋ ಗುಂಯ್ ಅಂತ ಸದ್ದು. ವೀಣೆಯವರು ಮೂರು ಸಲ ನಿಲ್ಲಿಸಿ ಶ್ರುತಿ ಮಾಡಿಕೊಂಡರಂತೆ. ಎಲೆಕ್ಟ್ರಿಷಿಯನ್ ಬಂದು ನೋಡಿ, ವೈರಿಂಗ್ ಎಲ್ಲ ಸರಿಯಾಗಿದೆ ಅಂತ ಹೇಳಿ ಹೋದನಂತೆ. "ಆ ಸದ್ದು ಎಲ್ಲಿದೆ ಅಂತ ನೀನು ಹುಡುಕಿ ಕೊಡು" ಅನ್ನುವುದು ಮೇಷ್ಟ್ರ ಬೇಡಿಕೆ.

ಸಂಕ್ರಾಂತಿ ಕಳೆದ ಮೊದಲ ಶನಿವಾರ ಹೊರಟೆ. ಪಾಂಡವಪುರದಲ್ಲಿ ಒಬ್ಬರಿಗೆ ಕೇಬಲ್ ಕೊಡುವುದಿತ್ತು, ಹಾಗಾಗಿ ಆ ಕಡೆಯಿಂದಲೇ ಹೋದೆ. ಕಬ್ಬು ಕಡಿಯುವ ಕಾಲ. ದಾರಿಯುದ್ದಕ್ಕೂ ಲೋಡ್ ಟ್ರ್ಯಾಕ್ಟರ್‌ಗಳು, ಒಂದೊಂದರಲ್ಲೂ ಡೆಕ್ ಜೋರಾಗಿ ಹಾಡುತ್ತಿತ್ತು. ಜಕ್ಕನಹಳ್ಳಿ ದಾಟಿದ ಮೇಲೆ ಗದ್ದೆ ಕಮ್ಮಿಯಾಗುತ್ತಾ ಕಲ್ಲು ಜಾಸ್ತಿ ಆಗುತ್ತದೆ. ಗಾಡಿ ಬೆಟ್ಟ ಹತ್ತುತ್ತಿದ್ದಂತೆ ಆ ಟ್ರ್ಯಾಕ್ಟರ್ ಸದ್ದೆಲ್ಲ ಕೆಳಗೆ ಉಳಿಯಿತು. ಊರು ಸುಮಾರು 3,000 ಅಡಿ ಎತ್ತರದಲ್ಲಿದೆ. ಕಲ್ಯಾಣಿ ಹತ್ತಿರ ವ್ಯಾನ್ ನಿಲ್ಲಿಸಿ ಇಳಿದರೆ ಮೇಲೆ ಯೋಗಾನರಸಿಂಹನ ಗುಡಿ, ಎಲ್ಲೋ ನವಿಲು ಕೂಗು, ಯಾರದೋ ಮನೆಯಿಂದ ಪುಳಿಯೋಗರೆ ಗೊಜ್ಜು ಕುದಿಯುವ ವಾಸನೆ. ವ್ಯಾನಿನಲ್ಲಿ ಎರಡು ಬಾಕ್ಸ್, ಚಿಕ್ಕ ಮಿಕ್ಸರ್, ಎರಡು ಮೈಕ್ ಇದ್ದವು. ಅಭ್ಯಾಸ, ಬರಿಗೈಯಲ್ಲಿ ಎಲ್ಲಿಗೂ ಹೋಗಿ ಗೊತ್ತಿಲ್ಲ.

ಮನೆ ಕಲ್ಯಾಣಿಯ ಹಿಂದಿನ ಓಣಿಯಲ್ಲಿದೆ. ನಡುವೆ ತೊಟ್ಟಿ, ಸುತ್ತ ಮರದ ಕಂಬಗಳು, ಮೇಲೆ ನಾಡ ಹೆಂಚು, ಕೆಳಗೆ ಗಾರೆ ನೆಲ. ನಾನು ಯಾವ ಜಾಗಕ್ಕೆ ಹೋದರೂ ಮೊದಲು ಒಂದು ಚಪ್ಪಾಳೆ ತಟ್ಟುತ್ತೇನೆ. ಕಲ್ಯಾಣ ಮಂಟಪಗಳಲ್ಲಿ ತಟ್ಟಿದರೆ ಗ್ರಾನೈಟ್ ನೆಲಕ್ಕೂ ಬೋಳು ಗೋಡೆಗೂ ಬಡಿದು ಸದ್ದು ಟ್ರರ್ ಅಂತ ಓಡಾಡುತ್ತದೆ. ಅಲ್ಲಿ ಎಂಥ ಮೈಕ್ ಇಟ್ಟರೂ ಮಾತು ಕಲಸಿಹೋಗುತ್ತದೆ. ಇಲ್ಲಿ ತಟ್ಟಿದೆ. ಸದ್ದು ಒಮ್ಮೆ ಮಣ್ಣಿನ ಗೋಡೆ ಮುಟ್ಟಿ, ಕಂಬಗಳ ನಡುವೆ ಚೂರು ನಿಂತು, ತೊಟ್ಟಿಯಿಂದ ಆಕಾಶಕ್ಕೆ ಹೊರಟುಹೋಯಿತು. ಇನ್ನೊಂದು ಸಲ ತಟ್ಟಿದೆ. ಮೇಷ್ಟ್ರು ನೋಡುತ್ತಾ ನಿಂತಿದ್ದರು. "ಹೆಂಗಿದೆ?" ಅಂದರು. "ಯಾರೋ ಕಿವಿ ಇರೋರೇ ಕಟ್ಟಿಸಿದ್ದಾರೆ ಮೇಷ್ಟ್ರೇ" ಅಂದೆ. ಅವರ ಮುಖ ಅರಳಿತು.

ಆಮೇಲೆ ಹುಡುಕಾಟ. ಎಲ್ಲರನ್ನೂ ಹತ್ತು ನಿಮಿಷ ಮಾತಾಡಬೇಡಿ ಅಂತ ಕೇಳಿಕೊಂಡೆ. ಕಣ್ಣು ಮುಚ್ಚಿ ತೊಟ್ಟಿಯ ಅಂಚಿನಲ್ಲಿ ಕೂತೆ. ಮೊದಲು ಕೇಳಿದ್ದು ಟ್ಯೂಬ್‌ಲೈಟಿನ ಚೋಕ್. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಸುಮ್ನೆ ಉರಿಯುವುದಿಲ್ಲ, ಹಾಡುತ್ತಿರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಚೋಕ್ ಅದರ ಎರಡರಷ್ಟು, ಅಂದರೆ 100 ಹರ್ಟ್ಸ್‌ನಲ್ಲಿ ನಡುಗುತ್ತದೆ. ದಿನಾ ಕೇಳಿ ಕೇಳಿ ನಮಗೆ ಅದು ಸದ್ದು ಅಂತಲೇ ಅನಿಸುವುದಿಲ್ಲ. ಆದರೆ ವೀಣೆಯ ಮಂದ್ರದ ತಂತಿ, ಅಂದರೆ ತಗ್ಗಿನ ಸ್ವರದ ತಂತಿ, ಮಿಡಿಯುವುದೂ ಅಲ್ಲೇ ಅಕ್ಕಪಕ್ಕದಲ್ಲಿ. ಶ್ರುತಿಗೆ ಹೊಂದದ ಒಂದು ಸ್ವರ ಹೊತ್ತುಗೊತ್ತಿಲ್ಲದೆ ಪಕ್ಕದಲ್ಲಿ ಗುನುಗುತ್ತಿದ್ದರೆ ನುಡಿಸುವವರಿಗೆ ಹೇಗಾಗಬೇಡ? ಟ್ಯೂಬ್‌ಲೈಟ್ ಆರಿಸಿ ಎರಡು ಎಲ್‌ಇಡಿ ಬಲ್ಬ್ ಹಾಕಿಸಿದೆ. ಆಗ ಅಡುಗೆಮನೆಯ ಫ್ರಿಜ್ ಕೇಳಿಸಿತು. ಅದನ್ನು ಆರಿಸಿದರೆ ಮೆಟ್ಟಿಲ ಕೆಳಗಿನ ಯುಪಿಎಸ್ಸಿನ ಫ್ಯಾನು. ಅದೂ ಹೋದ ಮೇಲೆ ಬಚ್ಚಲ ನಲ್ಲಿಯ ಹನಿ. ನಲ್ಲಿಗೆ ಒಂದು ದಾರ ಕಟ್ಟಿ ಬಕೆಟ್ಟಿಗೆ ಇಳಿಬಿಟ್ಟೆ, ಹನಿ ದಾರ ಹಿಡಿದು ಸದ್ದಿಲ್ಲದೆ ಇಳಿಯಿತು. ಒಂದೊಂದು ಸದ್ದು ತೆಗೆದಾಗಲೂ ಅದರ ಹಿಂದೆ ಅಡಗಿದ್ದ ಇನ್ನೊಂದು ಕಾಣುತ್ತಿತ್ತು. ಕೊನೆಗೆ ಬರೀ ಬೆಟ್ಟದ ಗಾಳಿ ಹೆಂಚಿನ ಮೇಲೆ ಹಾಯುವುದು ಉಳಿಯಿತು. ಅದನ್ನು ಆರಿಸುವ ಸ್ವಿಚ್ ಇಲ್ಲ, ಬೇಕಾಗಿಯೂ ಇರಲಿಲ್ಲ.

ಅಷ್ಟೊತ್ತಿಗೆ ವೀಣೆಯವರು ಮೈಸೂರಿನಿಂದ ಬಂದರು. ಅರವತ್ತು ದಾಟಿದ ಹೆಣ್ಣುಮಗಳು. ಕಾರಿನ ಹಿಂದಿನ ಸೀಟಿನಲ್ಲಿ ವೀಣೆಯನ್ನು ಮಲಗಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿಕೊಂಡು ಬಂದಿದ್ದರು. ಯಾಕೆ ಅಂತ ಕೇಳಿದೆ. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ, ಆ ಮೇಣದ ಮೇಲೆ ವೀಣೆಯ 24 ಮೆಟ್ಟಿಲುಗಳನ್ನು, ಅಂದರೆ ತಂತಿಯ ಕೆಳಗಿನ ಲೋಹದ ಪಟ್ಟಿಗಳನ್ನು, ಕೂರಿಸಿರುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಕಾರು ಕಾದರೆ ಮೇಣ ಮೆತ್ತಗಾಗುತ್ತದೆ. ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸ್ವರ ಕೆಟ್ಟಿತು. "ಮಗು ಥರ ನೋಡ್ಕೋಬೇಕು" ಅಂದರು. ನಾನು ಕಳೆದ ಹತ್ತು ವರ್ಷದಲ್ಲಿ ಇಪ್ಪತ್ತು ಸಲವಾದರೂ ವೀಣೆಗೆ ಮೈಕ್ ಕಟ್ಟಿದ್ದೇನೆ. ಆ ಮೇಣವನ್ನು ಹತ್ತಿರದಿಂದ ನೋಡಿದ್ದು ಅವತ್ತೇ. ಕಪ್ಪಗೆ ಮಿರಿಮಿರಿ ಮಿಂಚುತ್ತದೆ, ಅದರ ಮೇಲೆ ಯಾವತ್ತೋ ಮೆಟ್ಟಿಲು ಕೂರಿಸಿದವರ ಹೆಬ್ಬೆರಳ ಗುರುತು ಹಾಗೇ ಇದೆ.

ಅವರು ಕೂತು ಶ್ರುತಿ ಮಾಡಿಕೊಂಡರು. ಸಾರಣಿ ತಂತಿ ಸರಿ, ಪಂಚಮದ ತಂತಿ ಸರಿ. ಮಂದ್ರದ ತಂತಿ ಮೀಟಿದರು, ಎಲ್ಲೋ ಜಿರ್ ಅಂದಿತು. ಅವರ ಕೈ ನಿಂತಿತು. "ಇದೇ, ಇದೇ" ಅಂದರು ಮೇಷ್ಟ್ರು.

ಹಾಗಾದರೆ ಅದು ಕರೆಂಟಿನದಲ್ಲ. "ಅಮ್ಮಾ, ಅದೇ ತಂತಿ ಮೀಟ್ತಾ ಇರಿ" ಅಂತ ಹೇಳಿ ನಾನು ಗೋಡೆ ಹಿಡಿದು ನಡೆದೆ. ದೇವರ ಕೋಣೆ ಬಾಗಿಲಲ್ಲಿ ಇಲ್ಲ. ಕಿಟಕಿಯಲ್ಲಿ ಇಲ್ಲ. ಪಡಸಾಲೆಯ ಮೂಲೆಯಲ್ಲಿ ದಸರಾ ಗೊಂಬೆಗಳ ಗಾಜಿನ ಬೀರು ಇತ್ತು. ಅದರ ಹತ್ತಿರ ಕಿವಿ ತಂದೆ. ಅವರು ಮೀಟಿದಾಗೆಲ್ಲ ಪಟ್ಟದ ಗೊಂಬೆಯ ಮುಂದಿನ ಗಾಜು ಉತ್ತರ ಕೊಡುತ್ತಿತ್ತು. ಗಾಜಿನ ಅಂಚಿನ ಮರದ ಪಟ್ಟಿ ಒಣಗಿ ಸಡಿಲವಾಗಿತ್ತು, ಆ ಒಂದು ಸ್ವರಕ್ಕೆ ಮಾತ್ರ ಗಾಜು ನಡುಗುತ್ತಿತ್ತು. ಬೇರೆ ಯಾವ ಸ್ವರಕ್ಕೂ ಇಲ್ಲ. ಒಂದೊಂದು ವಸ್ತುವಿಗೂ ಅದರದೇ ಒಂದು ಸ್ವರ ಇರುತ್ತೆ ಅಲ್ವಾ, ಯಾರಾದರೂ ಅದನ್ನು ನುಡಿಸಿದರೆ ಸುಮ್ಮನಿರಲು ಆಗುವುದಿಲ್ಲ. ಒಂದು ಹಳೇ ಲಗ್ನಪತ್ರಿಕೆ ಹರಿದು ನಾಲ್ಕು ಮಡಿಕೆ ಮಾಡಿ ಸಂದಿಗೆ ತೂರಿಸಿದೆ. "ಈಗ ಮೀಟಿ ಅಮ್ಮ." ಮೀಟಿದರು. ಸ್ವರ ಮೇಲೆದ್ದು, ದುಂಡಗೆ ನಿಂತು, ನಿಧಾನಕ್ಕೆ ಇಳಿಯಿತು. ಅವರು ನನ್ನ ಕಡೆ ನೋಡಿ ತಲೆ ಆಡಿಸಿದರು. ನನ್ನ ಕಣ್ಣಲ್ಲಿ ನೀರು ಬಂತು, ಯಾಕೆ ಅಂತ ಹೇಳಬೇಕು.

ಐದಾರು ವರ್ಷದ ಹಿಂದೆ ಒಂದು ಊರಿನ ಸಭಾಂಗಣದಲ್ಲಿ ವೀಣೆ ಕಚೇರಿಗೆ ಮೈಕ್ ಹಾಕಿದ್ದೆ. ವೀಣೆಯ ಬುರುಡೆಗೆ ಪಿಕಪ್, ಅಂದರೆ ವಾದ್ಯದ ನಡುಕವನ್ನೇ ಹಿಡಿಯುವ ಪುಟ್ಟ ಮೈಕ್, ಅಂಟಿಸಿ, ಮುಂದೆ ನುಡಿಸುವವರಿಗೆ ಕೇಳಿಸೋಕೆ ಮಾನಿಟರ್ ಬಾಕ್ಸ್ ಇಟ್ಟಿದ್ದೆ. ಹಿಂದಿನ ಸಾಲಿನಿಂದ "ವಾಲ್ಯೂಮ್ ಜಾಸ್ತಿ ಮಾಡ್ರೀ" ಅಂತ ಕೂಗು. ಮಾಡಿದೆ. ಇನ್ನೊಂದು ಸಲ ಕೂಗಿದರು, ಇನ್ನೂ ಏರಿಸಿದೆ. ಬುರುಡೆ ಟೊಳ್ಳು, ಮಾನಿಟರಿನ ಸದ್ದನ್ನು ತಾನೂ ಹಿಡಿದು ಮತ್ತೆ ಪಿಕಪ್ಪಿಗೇ ಕೊಡುತ್ತದೆ. ಊಂ ಅಂತ ಶುರುವಾದದ್ದು ಇಡೀ ಹಾಲ್ ತುಂಬಿತು. ಅವತ್ತು ನುಡಿಸುತ್ತಿದ್ದವರು ಎರಡೂ ಕೈ ತಂತಿಯಿಂದ ತೆಗೆದು, ಅದರ ಮೇಲೆ ಅಂಗೈ ಇಟ್ಟು, ನನ್ನ ಕಡೆ ಸುಮ್ಮನೆ ನೋಡಿದರು. ಬೈಯಲಿಲ್ಲ. ಹೆದರಿದ ಹಸುವನ್ನು ಸಮಾಧಾನ ಮಾಡುವ ಹಾಗಿತ್ತು ಆ ಅಂಗೈ. ಆ ನೋಟ ನನ್ನ ಜೊತೆಯಲ್ಲೇ ಉಳಿದಿತ್ತು.

ಕಚೇರಿಗೆ ಇನ್ನೂ ಒಂದು ಗಂಟೆ ಇತ್ತು. ಕಾಫಿ ಕುಡಿಯುವಾಗ ಮೈಸೂರಿನಿಂದ ಬಂದ ವೀಣೆಯವರನ್ನೇ ಕೇಳಿದೆ, ಪಿಕಪ್ ಇಲ್ಲದೆ ನುಡಿಸಿದರೆ ಶ್ರಮ ಆಗುವುದಿಲ್ಲವೇ ಅಂತ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಪಿಕಪ್ಪಲ್ಲಿ ನನ್ನ ಬೆರಳು ಜೋರಾಗಿ ಕೇಳುತ್ತೆ. ಮೀಟಿದ ಮೇಲೆ ಏನು ಉಳಿಯುತ್ತಲ್ಲ, ಅದು ಕೇಳಲ್ಲ. ನಮ್ಮ ಬಾನಿ ಇರೋದೇ ಆ ಉಳಿದದ್ದರಲ್ಲಿ." ಮೈಸೂರು ಬಾನಿಯಲ್ಲಿ, ಅಂದರೆ ಮೈಸೂರಿನವರು ವೀಣೆ ನುಡಿಸುವ ಶೈಲಿಯಲ್ಲಿ, ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ, ಮುತ್ತು ಪೋಣಿಸಿದ ಹಾಗೆ ಮೀಟುವುದು ಮುಖ್ಯ. ವೀಣೆ ಶೇಷಣ್ಣನವರಿಂದ (1852–1926) ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರರಿಗೆ (1920–1997) ಬಂದ ದಾರಿ ಇದು. ಶೇಷಣ್ಣನವರು ಅರಮನೆಯಲ್ಲಿ ನುಡಿಸುವಾಗ ಯಾವ ಮೈಕ್ ಇತ್ತು? ಕೇಳುವವರು ಹತ್ತಿರ ಕೂರುತ್ತಿದ್ದರು, ಅಷ್ಟೇ.

ಹತ್ತಿರ ಕೂರೋಕೆ ಆಗದಷ್ಟು ಜನ ಸೇರಿದಾಗ ಏನು ಮಾಡಬೇಕು ಅನ್ನುವ ಪ್ರಶ್ನೆಗೂ ನಮ್ಮ ಕಡೆಯವರೇ ಒಂದು ಉತ್ತರ ಕೊಟ್ಟಿದ್ದಾರೆ. ತಿರುಮಕೂಡಲು ನರಸೀಪುರದ ಚೌಡಯ್ಯನವರು (1895–1967) ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. ಮೈಕ್ ಇಲ್ಲದ ಕಚೇರಿಯಲ್ಲಿ ಹಿಂದೆ ಕೂತವರಿಗೂ ನಾದ ತುಂಬಿ ಕೇಳಿಸಲಿ ಅಂತ. ನಾನು ಈ ಕಥೆಯನ್ನು ಅಂಗಡಿಯ ಹುಡುಗರಿಗೆ ಯಾವಾಗಲೂ ಹೇಳುತ್ತೇನೆ. ಕೊನೆಯ ಸಾಲಿನವನ ಬಗ್ಗೆ ಯೋಚನೆ ಮಾಡಿದವರು ಯಾರೇ ಆಗಲಿ, ಅವರು ನಮ್ಮ ಕಸುಬಿನವರು.

ವೀಣೆಯವರು ಕೂರುವ ಜಾಗವನ್ನು ಎರಡಡಿ ಹಿಂದಕ್ಕೆ ಸರಿಸಿದೆ. ಬೆನ್ನ ಹಿಂದೆ ದೊಡ್ಡ ಹಲಗೆ ಬಾಗಿಲು ಬರುವ ಹಾಗೆ. ಮರದ ಹಲಗೆ ಸದ್ದನ್ನು ಮೆತ್ತಗೆ ಮುಂದಕ್ಕೆ ಕೊಡುತ್ತದೆ. ಎದುರು ಗೋಡೆಗೆ ಒಂದು ಕಂಬಳಿ ಇಳಿಬಿಟ್ಟೆ, ನೆಲಕ್ಕೆ ಜಮಖಾನ. ಜಾಸ್ತಿ ಬೇಕಿರಲಿಲ್ಲ. ಚಳಿಗಾಲ, ಶಾಲು ಹೊದ್ದು ಬರುವ ನಲವತ್ತು ಜನ ಅಂದರೆ ನಲವತ್ತು ಹತ್ತಿ ಮೂಟೆ ಇಟ್ಟ ಹಾಗೆ.

ಆರೂಕಾಲಿಗೆ ಶುರುವಾಯಿತು. ಬಾಗಿಲು ಹಾಕಿದರು, ದೀಪ ಹಚ್ಚಿದರು. ಮೊದಲ ವರ್ಣ ನುಡಿಸುವಾಗ ನನಗೆ ಗಾಬರಿ. ಸದ್ದು ತೀರಾ ಸಣ್ಣದು. ಇಷ್ಟು ಸಾಲದು, ಏನಾದರೂ ಮಾಡಬೇಕು ಅಂತ ಬಲಗೈ ತಾನಾಗಿಯೇ ಮಿಕ್ಸರ್ ಹುಡುಕುತ್ತಿತ್ತು. ವ್ಯಾನಿನಲ್ಲಿ ಬಾಕ್ಸ್ ಇದೆ, ಎರಡು ನಿಮಿಷದ ಕೆಲಸ ಅನಿಸಿತು. ಹೊತ್ತು ಹೋದಂತೆ ಸದ್ದು ಏರುತ್ತಾ ಬಂತು. ಅವರೇನೂ ಜೋರಾಗಿ ಮೀಟುತ್ತಿರಲಿಲ್ಲ. ಕೂತವರ ಉಸಿರು ಇಳಿದಿತ್ತು. ಕೆಮ್ಮುವವರು ಸ್ವರ ಮುಗಿಯುವ ತನಕ ತಡೆದುಕೊಳ್ಳುತ್ತಿದ್ದರು. ಬಳೆ ಹಾಕಿದವರು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಒಂದು ಮಗು ತಾಯಿಯ ತೊಡೆಯ ಮೇಲೆ ಕಣ್ಣು ಬಿಟ್ಟು ಮಲಗಿತ್ತು. ನಾನು 24 ವರ್ಷದಿಂದ ಏರಿಸಲು ಕಲಿತಿದ್ದೆ. ನಲವತ್ತು ಜನ ಸೇರಿ ತಮ್ಮನ್ನು ತಾವು ಇಳಿಸಿಕೊಳ್ಳುವುದನ್ನು ಮೊದಲ ಸಲ ನೋಡಿದೆ.

ನಡುವೆ ಘನರಾಗ ಅನ್ನುವ ಐದು ರಾಗಗಳ ತಾನ ತೆಗೆದುಕೊಂಡರು. ನಾಟ, ಗೌಳ, ಆರಭಿ, ವರಾಳಿ, ಶ್ರೀ, ಒಂದಾದ ಮೇಲೆ ಒಂದು. ತಾನಕ್ಕೆ ಸಾಹಿತ್ಯ ಇಲ್ಲ, ತಾಳ ಇಲ್ಲ, ಆದರೂ ಒಳಗೆ ಒಂದು ನಡೆ ಇರುತ್ತದೆ. ಮೃದಂಗದವರು ಕೈ ಕಟ್ಟಿ ಕೂತರು. ನಾನು ಕೂತಿದ್ದು ವೀಣೆಯವರಿಂದ ಐದಡಿ ದೂರದಲ್ಲಿ, ಬಲಕ್ಕೆ. ಬಲಗೈಯ ಎರಡು ಬೆರಳು ಮೀಟುತ್ತಿದ್ದರೆ, ಕಿರುಬೆರಳು ಪಕ್ಕದ ತಾಳದ ತಂತಿಗಳನ್ನು ಕೆಳಗಿನಿಂದ ಮೇಲಕ್ಕೆ ತಾಗಿಸುತ್ತಿತ್ತು. ಎಡಗೈ ಬೆರಳ ತುದಿಯಲ್ಲಿ ತಂತಿ ಕೊರೆದ ಗೆರೆ, ಅದರಲ್ಲಿ ಎಣ್ಣೆಯ ಹೊಳಪು. ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಜಾರುವಾಗ ಸರ್ ಅಂತ ಒಂದು ಸದ್ದು ಬರುತ್ತದೆ. ಪಿಕಪ್ಪಿನಲ್ಲಿ ಆ ಸರ್ ಅನ್ನುವುದನ್ನು ತೆಗೆಯೋಕೆ ನಾನು ಎಷ್ಟೋ ಸಲ ಟ್ರೆಬಲ್ ಇಳಿಸಿದ್ದೇನೆ. ಇಲ್ಲಿ ಅದು ಉಸಿರಿನ ಹಾಗೆ ಕೇಳಿಸಿತು, ಹಾಡುವವರು ಚರಣಗಳ ನಡುವೆ ಉಸಿರು ಎಳೆದುಕೊಳ್ಳುತ್ತಾರಲ್ಲ, ಹಾಗೆ.

ವರಾಳಿಯಲ್ಲಿ ಕೆಳಗಿನ ಒಂದು ಸ್ವರ ಮೀಟಿ ಕೈ ಬಿಟ್ಟರು. ನಾನು ಮನಸ್ಸಿನಲ್ಲೇ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಸ್ವರ ಸಣ್ಣಗಾಗುತ್ತಾ ಇನ್ನೂ ಇತ್ತು. ಐದು. ಇದೆಯೋ ಇಲ್ಲವೋ ಅನ್ನುವ ಹಾಗೆ. ಅಷ್ಟರಲ್ಲಿ ದೇವಸ್ಥಾನದ ಕಡೆಯಿಂದ ಗಂಟೆ ಕೇಳಿಸಿತು. ಅವರು ಮುಂದಿನ ಸ್ವರ ಮೀಟದೆ ಕಾದರು. ಗಂಟೆ ನಿಂತು, ಅದರ ಗುಂಗು ಕರಗಿ, ಗಾಳಿ ಉಳಿದ ಮೇಲೆ ಮತ್ತೆ ಮೀಟಿದರು. ಯಾರೂ ಅಲುಗಾಡಲಿಲ್ಲ. ಆ ಹೊತ್ತನ್ನು ಯಾವ ಮೈಕಿನಿಂದಲೂ ಹಿಡಿಯೋಕೆ ಆಗುತ್ತಿರಲಿಲ್ಲ ಅಂತ ನಾನು ಕಸುಬಿನವನಾಗಿ ಹೇಳುತ್ತೇನೆ. ಅಷ್ಟು ಸಣ್ಣ ಸದ್ದನ್ನು ಎತ್ತಿದರೆ ಅದರ ಜೊತೆ ಕೋಣೆಯ ಇನ್ನೆಲ್ಲವೂ ಮೇಲೇಳುತ್ತದೆ.

ಕಚೇರಿ ಆದ ಮೇಲೆ ಎಲೆಯ ದೊನ್ನೆಯಲ್ಲಿ ಪುಳಿಯೋಗರೆ, ಸಕ್ಕರೆ ಪೊಂಗಲು. ಮೇಷ್ಟ್ರ ಮಗಳು ಅಮೆರಿಕದಿಂದ ಬಂದಿದ್ದರು. ಅವರು ಒಂದು ವಿಷಯ ಹೇಳಿದರು. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳ ತಪ್ಪಲಲ್ಲಿ ವುಡ್‌ಸ್ಟಾಕ್ ಅನ್ನುವ ಊರು. ಅಲ್ಲಿ ಕಾಡಿನ ನಡುವೆ ಮರದಲ್ಲೇ ಕಟ್ಟಿದ ಮ್ಯಾವರಿಕ್ ಅನ್ನುವ ಒಂದು ಸಂಗೀತದ ಮನೆ ಇದೆ. 1916ರಿಂದ ಬೇಸಿಗೆಯಲ್ಲಿ ಅಲ್ಲಿ ಚೇಂಬರ್ ಮ್ಯೂಸಿಕ್ ನಡೆಯುತ್ತದೆ. ಚೇಂಬರ್ ಅಂದರೆ ಕೋಣೆ, ನಾಲ್ಕೈದು ಜನ ಕೂತು ಕೋಣೆಯಲ್ಲಿ ನುಡಿಸುವ ಸಂಗೀತ. 1952ರ ಆಗಸ್ಟಿನಲ್ಲಿ ಅಲ್ಲಿ ಡೇವಿಡ್ ಟ್ಯೂಡರ್ ಅನ್ನುವವರು ಪಿಯಾನೋ ಮುಂದೆ ಬಂದು ಕೂತರಂತೆ. ನಾಲ್ಕು ನಿಮಿಷ 33 ಸೆಕೆಂಡ್ ಒಂದು ಸ್ವರವನ್ನೂ ನುಡಿಸಲಿಲ್ಲ. ಜಾನ್ ಕೇಜ್ ಅನ್ನುವವರು ಅದನ್ನು ಹಾಗೆಯೇ ರಚಿಸಿದ್ದರು. ಜನರಿಗೆ ಹೊರಗಿನ ಗಾಳಿ ಕೇಳಿಸಿತು, ಸೂರಿನ ಮೇಲೆ ಮಳೆ ಹನಿ ಬಿದ್ದದ್ದು ಕೇಳಿಸಿತು. ಕೆಲವರಿಗೆ ಸಿಟ್ಟು ಬಂದು ಎದ್ದು ಹೋದರಂತೆ.

ನನಗೆ ಸಿಟ್ಟು ಬರುತ್ತಿರಲಿಲ್ಲ. ಅವತ್ತು ಮಧ್ಯಾಹ್ನ ತೊಟ್ಟಿಯ ಅಂಚಿನಲ್ಲಿ ಕಣ್ಣು ಮುಚ್ಚಿ ಹತ್ತು ನಿಮಿಷ ಕೂತಿದ್ದೆನಲ್ಲ, ನನಗೆ ಅದು ಚೆನ್ನಾಗಿ ಅರ್ಥವಾಯಿತು.

ಇದನ್ನು ಓದಿ ಯಾರೂ ಮೈಕ್ ಕೆಟ್ಟದ್ದು ಅಂತ ತಿಳಿಯಬೇಡಿ. ಬಯಲಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ, ಸಾವಿರ ಜನ ಕೂತ ನಾಟಕಕ್ಕೆ ಗಂಟಲೊಂದೇ ಸಾಕಾಗುವುದಿಲ್ಲ. ಅಪ್ಪ ಹಾರನ್ ಕಟ್ಟಿದ್ದಕ್ಕೇ ಎಷ್ಟೋ ಹಳ್ಳಿಯ ಹಿಂದಿನ ಸಾಲಿನ ಅಜ್ಜಿಯರಿಗೆ ಧರ್ಮರಾಯನ ಮಾತು ಕೇಳಿಸಿತು. ನನ್ನ ಬೇಸರ ಬೇರೆ. ಐವತ್ತು ಜನರ ನಾಮಕರಣಕ್ಕೂ ಎರಡು ಬಾಕ್ಸ್ ಕೇಳುತ್ತಾರೆ. ಹದಿನೈದಡಿ ಉದ್ದದ ಕೋಣೆಯಲ್ಲಿ ಹಾಡು ಹೇಳುವ ಹುಡುಗಿಯ ಕೈಗೂ ಮೈಕ್ ಕೊಡುತ್ತಾರೆ. ಕೊಡುವವನು ನಾನೇ. ಇನ್ನು ಮೇಲೆ ಅಂಥ ಕಡೆ ಒಂದು ಮಾತು ಹೇಳಿ ನೋಡಬೇಕು ಅಂತಿದ್ದೇನೆ, ಮೊದಲು ಫ್ಯಾನ್ ಆರಿಸಿ ನೋಡೋಣ ಅಂತ.

ರಾತ್ರಿ ಮನೆಗೆ ಬಂದಾಗ ಅಪ್ಪ ಎದ್ದೇ ಇದ್ದರು. ನಲವತ್ತು ವರ್ಷ ಹಾರನ್ ಪಕ್ಕ ನಿಂತ ಕಿವಿ, ಈಗ ಎಡಗಡೆ ಪೂರ್ತಿ ಇಲ್ಲ, ಬಲಗಡೆ ಹತ್ತಿರ ಬಂದು ಹೇಳಬೇಕು.

"ಎಷ್ಟು ಬಾಕ್ಸ್ ಮಡಗಿದ್ದೆ?"

"ಒಂದೂ ಇಲ್ಲಪ್ಪ."

"ಮತ್ತೆಂಗೆ ಕೇಳಿಸ್ತು?"

ನಾನು ಕೂತು ಎಲ್ಲ ಹೇಳಿದೆ. ಚೋಕ್, ನಲ್ಲಿಗೆ ಕಟ್ಟಿದ ದಾರ, ಗೊಂಬೆ ಬೀರುವಿನ ಗಾಜು. ಗಾಜಿನ ವಿಷಯ ಹೇಳಿದಾಗ ಅವರು ನನ್ನ ಕೈ ಹಿಡಿದುಕೊಂಡು, "ಯಾವ ತಂತೀಗೆ?" ಅಂದರು. ಮಂದ್ರದ್ದು ಅಂದೆ. "ಹ್ಞಾ, ಅದು ಮೈಗೇ ಕೇಳ್ತದೆ" ಅಂದರು.

ಮುಂದಿನ ಕಚೇರಿ ಮೇಲುಕೋಟೆಯ ವೈರಮುಡಿ ಉತ್ಸವದ ಗಲಾಟೆ ಎಲ್ಲ ಮುಗಿದ ಮೇಲೆ. ಬೆಳಿಗ್ಗೆ ಅಂಗಡಿಯ ಬುಕಿಂಗ್ ಪುಸ್ತಕ ತೆಗೆದೆ. ತಾರೀಖು, ಊರು ಬರೆದೆ. ಸಾಮಾನಿನ ಸಾಲಿನಲ್ಲಿ ಹೀಗೆ ಬರೆದಿದ್ದೇನೆ: ಜಮಖಾನ 4, ಕಂಬಳಿ 2, ದಾರ, ರಟ್ಟು. ಅಪ್ಪನಿಗೆ ಕುರ್ಚಿ 1, ವೀಣೆ ಹತ್ತಿರ, ಬಲಗಿವಿ ಆ ಕಡೆಗೆ.